ಶಿಲಾಯುಧಗಳು ಮತ್ತು ಆದಿಮಾನವನ ಜೀವನಕ್ರಮ: ಹುಣಸಗಿ–ಬೈಚಬಾಳ ಕಣಿವೆಗಳು

ಲಕ್ಷಾಂತರ ವರ್ಷಗಳ ಹಿಂದೆ ಬದುಕಿದ್ದ ಮಾನವರ ಅಸ್ಥಿಗಳು ಭಾರತದಲ್ಲಿ ಅತಿ ವಿರಳ. ಅವರ ನಡವಳಿಕೆಯನ್ನು ಅರಿಯಲು ಇರುವ ಮುಖ್ಯ ಆಧಾರವೆಂದರೆ ಅವರು ಬಿಟ್ಟುಹೋದ ಕಲ್ಲಿನ ಉಪಕರಣಗಳು. ಉಪಕರಣದ ಆಕಾರವೊಂದನ್ನೇ ನೋಡದೆ, ಕಲ್ಲನ್ನು ಎಲ್ಲಿಂದ ತಂದರು, ಎಷ್ಟು ದೂರ ಹೊತ್ತರು, ನೀರು ಮತ್ತು ಆಹಾರ ಯಾವ ಋತುವಿನಲ್ಲಿ ಎಲ್ಲಿ ದೊರೆಯುತ್ತಿತ್ತು ಎಂಬುದನ್ನು ಕೂಡಿಸಿ ಪರಿಶೀಲಿಸುವುದು ವಿಕಾಸ ಪರಿಸರ ವಿಜ್ಞಾನದ ಕ್ರಮವಾಗಿರುತ್ತದೆ. ಶ್ರಮ ಮತ್ತು ಪ್ರತಿಫಲಗಳ ಜಮಾ-ಖರ್ಚಿನ ಲೆಕ್ಕವೆಂದು ಇದನ್ನು ಕರೆದರೂ ತಪ್ಪಾಗಲಾರದು.

ಈ ಬಗೆಯ ಅಧ್ಯಯನಕ್ಕೆ ಯಾದಗಿರಿ ಜಿಲ್ಲೆಯ (ಹಿಂದಿನ ಗುಲ್ಬರ್ಗಾ ಜಿಲ್ಲೆ) ಹುಣಸಗಿ–ಬೈಚಬಾಳ ಕಣಿವೆಗಳು ಪ್ರಸಿದ್ಧವಾಗಿವೆ. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞ ಕೆ. ಪದ್ದಯ್ಯ ಅವರು ಹಲವು ದಶಕಗಳ ಕಾಲ ಇಲ್ಲಿ ಕ್ಷೇತ್ರಕಾರ್ಯ ನಡೆಸಿ, ಹಳೆ ಶಿಲಾಯುಗದ ಆಶೂಲಿಯನ್ ಸಂಸ್ಕೃತಿಯ ಅನೇಕ ನೆಲೆಗಳನ್ನು ಗುರುತಿಸಿದರು.

ಇವುಗಳಲ್ಲಿ ಇಸಾಂಪುರದ ನೆಲೆಯು ವಿಶೇಷವಾದುದು. ಅದು ಕಲ್ಲಿನ ಗಣಿಯೂ ಹೌದು, ಕಾರ್ಯಾಗಾರವೂ ಹೌದು. 1997ರಿಂದ 2001ರವರೆಗೆ ನಡೆದ ಉತ್ಖನನದಲ್ಲಿ ಸಿಲಿಕಾಯುಕ್ತ ಸುಣ್ಣಕಲ್ಲಿನ ಚಪ್ಪಡಿಗಳು, ಅವುಗಳಿಂದ ಬಿಡಿಸಿದ ದೊಡ್ಡ ಚಕ್ಕೆಗಳು, ಪೂರ್ಣಗೊಂಡ ಮತ್ತು ಅರ್ಧಕ್ಕೆ ಬಿಟ್ಟ ಕೈಗೊಡಲಿಗಳು ಹಾಗೂ ಸಣ್ಣ ಚೂರುಗಳು ಒಂದೇ ಕಡೆ ದೊರೆತವು. ಹೊಡೆಯಲು ಬಳಸಿದ ಸುತ್ತಿಗೆಗಲ್ಲುಗಳು ಮಾತ್ರ ಬೇರೆ ಜಾತಿಯ ಗಟ್ಟಿ ಶಿಲೆಯವು. ಅಂದರೆ ಕೆಲಸಕ್ಕೆ ತಕ್ಕ ಕಲ್ಲನ್ನು ಆರಿಸುವ ಜ್ಞಾನ ಆ ಜನರಿಗಿತ್ತು. ಸಾಮಾನ್ಯ ನೋಟಕ್ಕೆ ಕಸವೆನಿಸುವ ಚೂರುಗಳೇ ಇಲ್ಲಿ ಕೈಗೊಡಲಿಗಿಂತ ಹೆಚ್ಚು ಸಂಗತಿಗಳನ್ನು ತಿಳಿಸುತ್ತವೆ. ಉಪಕರಣವು ಸ್ಥಳದಲ್ಲಿಯೇ ತಯಾರಾಯಿತು ಎಂಬುದಕ್ಕೆ ಅವೇ ಸಾಕ್ಷಿ. ಇಲ್ಲಿ ದೊರೆತ ಪ್ರಾಣಿಗಳ ಹಲ್ಲುಗಳ ವೈಜ್ಞಾನಿಕ ಪರೀಕ್ಷೆಯಿಂದ ನೆಲೆಯ ಕಾಲ ಸುಮಾರು 12 ಲಕ್ಷ ವರ್ಷ ಹಿಂದಿನದೆಂದು 2002ರಲ್ಲಿ ಪ್ರಕಟಿಸಲಾಯಿತು.

ಬೇಸಿಗೆಯಲ್ಲಿ ಜನರು ಬತ್ತದ ಒರತೆ ಮತ್ತು ಹಳ್ಳಗಳ ಬಳಿ ಒಟ್ಟಾಗಿ ನೆಲೆಸಿ ದೊಡ್ಡ ಪ್ರಾಣಿಗಳ ಬೇಟೆಯನ್ನು ಅವಲಂಬಿಸಿದ್ದರು. ಮಳೆಗಾಲದಲ್ಲಿ ಸಣ್ಣ ಗುಂಪುಗಳಾಗಿ ಕಣಿವೆಯಲ್ಲೆಲ್ಲ ಚದುರಿ ಸಸ್ಯಾಹಾರ ಮತ್ತು ಸಣ್ಣ ಜೀವಿಗಳಿಂದ ಬದುಕುತ್ತಿದ್ದರು ಎಂಬುದು ಪದ್ದಯ್ಯ ಅವರ ಪ್ರತಿಪಾದನೆ. ನೆಲೆಗಳ ಹಂಚಿಕೆಯನ್ನೂ, ಇಂದಿಗೂ ಅಲ್ಲಿ ಋತುಮಾನಕ್ಕೆ ತಕ್ಕಂತೆ ದೊರೆಯುವ ನೀರು ಮತ್ತು ಕಾಡು ಆಹಾರವನ್ನೂ ಹೋಲಿಸಿ ಅವರು ಈ ಅಭಿಪ್ರಾಯಕ್ಕೆ ಬಂದರು. ಇದು ಅನುಮಾನವೇ ಆದರೂ ಆಧಾರವುಳ್ಳ ಅನುಮಾನ.

ಇಂತಹ ತೀರ್ಮಾನಕ್ಕೆ ಕಲ್ಲು ಬಿದ್ದಿರುವ ಸ್ಥಳವೇ ದಾಖಲೆ. ಸ್ಥಳದಿಂದ ಎತ್ತಿ ತಂದ ಕೈಗೊಡಲಿಯು ಕಪಾಟಿನ ಅಲಂಕಾರವಾಗಬಹುದೇ ಹೊರತು ಋತು, ನೀರು, ದೂರಗಳ ವಿಷಯವನ್ನು ಅದರಿಂದ ಮರಳಿ ಪಡೆಯಲಾಗದು. ಜಮೀನು ಸಮತಟ್ಟು ಮಾಡುವಾಗ, ಕಾಲುವೆ ಅಗೆಯುವಾಗ ಅಥವಾ ಮಣ್ಣು ತೆಗೆಯುವಾಗ ಇಂತಹ ಕಲ್ಲುಗಳು ಕಂಡುಬಂದಲ್ಲಿ ಸಾರ್ವಜನಿಕರು ಅವುಗಳನ್ನು ತೊಳೆಯದೆ, ಕದಲಿಸದೆ ಇರತಕ್ಕದ್ದು. ಛಾಯಾಚಿತ್ರ ತೆಗೆದು, ಗ್ರಾಮದ ಹೆಸರು ಮತ್ತು ಸರ್ವೆ ನಂಬರ್ ಸಹಿತ ಪುರಾತತ್ವ ಇಲಾಖೆಗೆ ಅಥವಾ ತಾಲ್ಲೂಕಿನ ತಹಶೀಲ್ದಾರರಿಗೆ ಲಿಖಿತವಾಗಿ ತಿಳಿಸಲು ಕೋರಲಾಗಿದೆ. ಪುರಾವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವುದು 1972ರ ಪುರಾವಸ್ತು ಮತ್ತು ಕಲಾನಿಧಿ ಅಧಿನಿಯಮದನ್ವಯ ನಿಷಿದ್ಧವಾಗಿರುತ್ತದೆ.