ಮೂಲಪಟ್ಟಿಯ ಮೇಲಿನ ರುಜು

ಕಡತವು ಮೇಜಿನಿಂದ ಮೇಜಿಗೆ ಸಾಗಿ, ಕೊನೆಗೆ ಮೇಲಧಿಕಾರಿಯ ರುಜು ಬಿದ್ದು ಹಿಂತಿರುಗುವುದನ್ನು ನೋಡುತ್ತಲೇ ಅರ್ಧ ಆಯುಸ್ಸು ಕಳೆದವರು ನಾವು. ಬಹುಪಾಲು ರುಜುಗಳು ಕಡತವನ್ನು ಓದದೆಯೇ ಬೀಳುತ್ತವೆ. ಆದರೂ ಅದಿಲ್ಲದೆ ಕೆಲಸ ಮುಂದೆ ಸಾಗದು. ಇಂಥದೇ ಒಂದು ರುಜುವಿನ ಕತೆ ಇಂಟರ್ನೆಟ್ಟಿನ ಇತಿಹಾಸದಲ್ಲಿದೆ.

ಇಂಟರ್ನೆಟ್ಟಿನ ಯಂತ್ರಗಳು ಒಂದನ್ನೊಂದು ಗುರುತಿಸುವುದು ಅಂಕಿಗಳಿಂದ. ಅಂಕಿ ನೆನಪಿಡಲಾರದ ನಮ್ಮಂಥವರಿಗಾಗಿ ಹೆಸರುಗಳಿವೆ. ಹೆಸರಿನ ಕೊನೆಗೆ ಬರುವ .ಕಾಮ್, .ಇನ್ ಮುಂತಾದವು ಯಾರ ವಶದಲ್ಲಿವೆ, ಅವರ ಯಂತ್ರ ಎಲ್ಲಿದೆ ಎಂಬುದನ್ನು ಬರೆದಿಟ್ಟ ಮೂಲಪಟ್ಟಿಯೊಂದಿದೆ. ಪಟ್ಟಿ ಚಿಕ್ಕದೇ. ಆದರೆ ಅದರಲ್ಲಿ .ಇನ್ ಎಂಬುದನ್ನು ಅಳಿಸಿದರೆ, ಆ ಕೊನೆಹೆಸರಿನ ತಾಣಗಳನ್ನು ಹುಡುಕುವ ದಾರಿಯೇ ಕಡಿದುಹೋಗುತ್ತದೆ.

ಇಂಟರ್ನೆಟ್ಟಿನ ಅಂಕಿಗಳ ಲೆಕ್ಕವನ್ನು 1970ರ ದಶಕದಿಂದಲೂ ಇಟ್ಟವರು ಕ್ಯಾಲಿಫೋರ್ನಿಯಾದ ಜಾನ್ ಪೋಸ್ಟೆಲ್ ಎಂಬ ಗಡ್ಡದ ವಿಜ್ಞಾನಿ. ಖರ್ಚು ಅಮೆರಿಕಾ ಸರಕಾರದ್ದು. 1998ರ ಜನವರಿ 28ರಂದು ಇವರೊಂದು ಸಾಹಸ ಮಾಡಿದರು. ಮೂಲಪಟ್ಟಿಯ ಪ್ರತಿಯನ್ನು ಸರಕಾರದ ಗುತ್ತಿಗೆದಾರ ಕಂಪನಿಯ ಯಂತ್ರದಿಂದ ಬಿಟ್ಟು ತಮ್ಮ ಯಂತ್ರದಿಂದ ಪಡೆಯುವಂತೆ, ಅದನ್ನು ಹಂಚುವವರಲ್ಲಿ ಎಂಟು ಮಂದಿಗೆ ಬರೆದರು. ಅವರು ಹಾಗೆಯೇ ಮಾಡಿದರು! ವಾಷಿಂಗ್ಟನ್ ಕೆರಳಿತು, ಪೋಸ್ಟೆಲ್ ಇದು ಬರೀ ಪರೀಕ್ಷೆ ಎಂದು ಹೇಳಿ ಮೊದಲಿನಂತೆ ಮಾಡಿದರು. ಅದೇ ಅಕ್ಟೋಬರಿನಲ್ಲಿ ತೀರಿಕೊಂಡರು.

ಅಷ್ಟರಲ್ಲಿ ಐಕ್ಯಾನ್ ಎಂಬ ಲಾಭರಹಿತ ಸಂಸ್ಥೆ ಹುಟ್ಟಿತ್ತು. ಅಮೆರಿಕಾದ ವಾಣಿಜ್ಯ ಇಲಾಖೆ ಪಟ್ಟಿಯ ಕೆಲಸವನ್ನು ಅದಕ್ಕೆ ಗುತ್ತಿಗೆ ಕೊಟ್ಟಿತು. ಗುತ್ತಿಗೆಯ ಮೊಬಲಗು ಸೊನ್ನೆ. ಪಟ್ಟಿಯಲ್ಲಿ ಏನು ಬದಲಾಗಬೇಕಾದರೂ ಐಕ್ಯಾನ್ ಪರಿಶೀಲಿಸಬೇಕು, ಇಲಾಖೆ ಒಪ್ಪಿಗೆಯ ರುಜು ಹಾಕಬೇಕು, ಆಮೇಲೆ ವೆರಿಸೈನ್ ಕಂಪನಿ ಪಟ್ಟಿಯನ್ನು ತಿದ್ದಬೇಕು. ಈ ಉಸ್ತುವಾರಿ ತಾತ್ಕಾಲಿಕ, 2000ದ ಸೆಪ್ಟೆಂಬರ್ 30ರೊಳಗೆ ಬಿಟ್ಟುಕೊಡುತ್ತೇವೆ ಎಂದು ಸರಕಾರವೇ 1998ರಲ್ಲಿ ಬರೆದಿತ್ತು. ಸರಕಾರಿ ಭಾಷೆಯಲ್ಲಿ ತಾತ್ಕಾಲಿಕ ಎಂದರೇನೆಂದು ನಮ್ಮ ಓದುಗರಲ್ಲಿ ಅನೇಕರಿಗೆ ಬಿಡಿಸಿ ಹೇಳಬೇಕಿಲ್ಲ.

ಜಗತ್ತಿನ ಪಟ್ಟಿಗೆ ಒಂದೇ ದೇಶದ ರುಜು ಏಕೆ ಎಂದು ಉಳಿದ ದೇಶಗಳು ಗೊಣಗುತ್ತಲೇ ಇದ್ದವು. 2011ರಲ್ಲಿ ಭಾರತ, ವಿಶ್ವಸಂಸ್ಥೆಯಡಿ 50 ದೇಶಗಳ ಸಮಿತಿಯಾಗಲಿ ಎಂದಿತು. 2013ರಲ್ಲಿ ಅಮೆರಿಕಾದ ಬೇಹುಗಾರಿಕೆಯನ್ನು ಸ್ನೋಡೆನ್ ಬಯಲು ಮಾಡಿದ ಮೇಲಂತೂ ಮಾತು ಬಿರುಸಾಯಿತು. 2014ರ ಮಾರ್ಚ್ 14ರಂದು ಅಮೆರಿಕಾ ರುಜು ಬಿಟ್ಟುಕೊಡಲು ಒಪ್ಪಿತು. ಒಂದು ಷರತ್ತು: ಆ ಜಾಗಕ್ಕೆ ಮತ್ತೊಂದು ಸರಕಾರವಾಗಲಿ ಸರಕಾರಗಳ ಕೂಟವಾಗಲಿ ಬರಕೂಡದು, ತಂತ್ರಜ್ಞರು, ಕಂಪನಿಗಳು, ಬಳಕೆದಾರರು, ಸರಕಾರಗಳು ಎಲ್ಲರೂ ಸೇರಿದ ವಿಶ್ವ ಸಮುದಾಯವೇ ನೋಡಿಕೊಳ್ಳಬೇಕು. 2015ರ ಹೊತ್ತಿಗೆ ಭಾರತವೂ ಈ ಮಾತಿಗೆ ಒಲಿದಿತ್ತು.

ಹಸ್ತಾಂತರ ಸುಸೂತ್ರವಾಗಲಿಲ್ಲ. ಇಂಟರ್ನೆಟ್ಟನ್ನೇ ದಾನ ಮಾಡುತ್ತಿದ್ದಾರೆಂದು ಸೆನೆಟರ್ ಟೆಡ್ ಕ್ರೂಜ್ ಹುಯಿಲೆಬ್ಬಿಸಿದರು. ನಾಲ್ಕು ರಾಜ್ಯಗಳು ಟೆಕ್ಸಸ್ಸಿನ ನ್ಯಾಯಾಲಯಕ್ಕೆ ಹೋದವು. 2016ರ ಸೆಪ್ಟೆಂಬರ್ 30ರಂದು ನ್ಯಾಯಾಧೀಶರು ತಡೆಯಾಜ್ಞೆ ನಿರಾಕರಿಸಿದರು. ನಡುರಾತ್ರಿಗೆ ಗುತ್ತಿಗೆ ಮುಗಿಯಿತು. ಮರುದಿನ ಎಲ್ಲ ತಾಣಗಳೂ ಎಂದಿನಂತೆಯೇ ತೆರೆದುಕೊಂಡವು.

ಅದಾದ ಮೇಲೆ ಐಕ್ಯಾನಿನ ಮೊದಲ ಮಹಾಸಭೆ ನಡೆದದ್ದು ನಮ್ಮ ಹೈದರಾಬಾದಿನಲ್ಲೇ, ಆ ವರ್ಷದ ನವೆಂಬರ್ 3ರಿಂದ 9ರವರೆಗೆ. 8ರ ರಾತ್ರಿ 500, 1,000 ರೂಪಾಯಿಯ ನೋಟುಗಳು ರದ್ದಾದವು. ನಾವೆಲ್ಲ ಬ್ಯಾಂಕಿನ ಚಿಂತೆಯಲ್ಲಿದ್ದೆವು, ಈ ಸಭೆಯತ್ತ ತಿರುಗಿಯೂ ನೋಡಲಿಲ್ಲ. ಸಮುದಾಯವೆಂದರೆ ದೇಶದೇಶಗಳ ಸಭೆಗೆ ಓಡಾಡಬಲ್ಲವರು ಮಾತ್ರವೇ ಎಂಬ ಅನುಮಾನ ನಮಗೆ ಇನ್ನೂ ಇದೆ. ಐಕ್ಯಾನ್ ಈಗಲೂ ಕ್ಯಾಲಿಫೋರ್ನಿಯಾದ ಕಾನೂನಿಗೆ ಒಳಪಟ್ಟ ಸಂಸ್ಥೆಯೇ. ಕನ್ನಡ ಲಿಪಿಯ .ಭಾರತ ಕೂಡ ಇಂದು ಆ ಪಟ್ಟಿಯಲ್ಲಿರುವುದರಿಂದ, ಇದು ನಮಗೆ ಸಂಬಂಧಿಸದ ವಿಷಯವೂ ಅಲ್ಲ.

2022ರ ಫೆಬ್ರವರಿ ಕೊನೆಯಲ್ಲಿ, ಯುದ್ಧಕ್ಕೆ ಸಿಕ್ಕಿದ ಉಕ್ರೇನ್, ರಷ್ಯಾದ .ರು ಎಂಬ ಕೊನೆಹೆಸರನ್ನು ಕಿತ್ತುಹಾಕಿ ಎಂದು ಐಕ್ಯಾನಿಗೆ ಬರೆಯಿತು. ಮಾರ್ಚ್ 2ರಂದು ಉತ್ತರ ಬಂತು: ಆಗದು. ಹಳೆಯ ರುಜು ಇನ್ನೂ ವಾಣಿಜ್ಯ ಇಲಾಖೆಯಲ್ಲೇ ಇದ್ದಿದ್ದರೆ, ಆ ಪತ್ರ ಮೊದಲು ಯಾರ ಮೇಜಿಗೆ ಹೋಗುತ್ತಿತ್ತು?