ಯಜಮಾನನ ಹೊಣೆ: ಕಂಪನಿಯ ವಾಹನ ಮತ್ತು ಗಾಯಾಳುವಿನ ಹಕ್ಕು

ಕಂಪನಿಯ ಲಾರಿಯೊಂದು ದಾರಿಹೋಕನನ್ನು ಕೆಡವಿದಾಗ ತಪ್ಪೆಸಗಿದವನು ಚಾಲಕನೇ ಆದರೂ, ಮುರಿದ ಕಾಲಿನ ಚಿಕಿತ್ಸೆಗೂ ನಿಂತುಹೋದ ಸಂಪಾದನೆಗೂ ಪರಿಹಾರ ತೆರುವ ಶಕ್ತಿಯು ಸಂಬಳಗಾರನಾದ ಅವನಿಗೆ ಪ್ರಾಯಶಃ ಇರದು. ಆ ಹೊಣೆಯನ್ನು ವ್ಯವಹಾರದ ಲಾಭವನ್ನುಣ್ಣುವ ಯಜಮಾನನ ಮೇಲೆ ಹೊರಿಸುವ ತತ್ತ್ವವು ಹೇಗೆ ಬೆಳೆಯಿತೆಂಬುದೇ ಈ ಸಮೀಕ್ಷೆಯ ವಸ್ತು.

ತತ್ತ್ವದ ಮೂಲ ಇಂಗ್ಲೆಂಡಿನದು. ಸೇವಕನು ಒಡೆಯನ ಕೆಲಸದ ಮೇಲಿದ್ದರೆ ಒಡೆಯನು ಹೊಣೆ, ಸ್ವಂತ ವಿಹಾರಕ್ಕೆ ಹೊರಟಿದ್ದರೆ ಹೊಣೆಯಲ್ಲ ಎಂಬ ವಿವೇಚನೆ 1834ರಷ್ಟು ಹಿಂದೆಯೇ ಅಲ್ಲಿ ಮೂಡಿತು. 1862ರಲ್ಲಿ ಲಂಡನ್ ಜನರಲ್ ಆಮ್ನಿಬಸ್ ಕಂಪನಿಯ ಕುದುರೆಬಂಡಿಯ ಸಾರಥಿಯು ಪ್ರತಿಸ್ಪರ್ಧಿಯ ಬಂಡಿಗೆ ಅಡ್ಡಹಾಕಿ ಅದನ್ನು ಉರುಳಿಸಿದಾಗ, ಹಾಗೆ ಮಾಡಕೂಡದೆಂದು ತಾನು ಮೊದಲೇ ನಿಷೇಧಿಸಿದ್ದೆನೆಂಬ ಕಂಪನಿಯ ವಾದವು ಅದನ್ನು ರಕ್ಷಿಸಲಿಲ್ಲ.

ಭಾರತದಲ್ಲಿ ಈ ವಿಚಾರವು ಸ್ಪಷ್ಟರೂಪ ತಾಳಿದುದು ಸ್ವಾತಂತ್ರ್ಯಾನಂತರ. ದುರಸ್ತಿಯಾದ ಸರ್ಕಾರಿ ಜೀಪನ್ನು ಕಲೆಕ್ಟರರ ನಿವಾಸಕ್ಕೆ ಮರಳಿ ತರುತ್ತಿದ್ದ ಚಾಲಕನು ಕಾಲುದಾರಿಯಲ್ಲಿದ್ದವನೊಬ್ಬನ ಮೃತ್ಯುವಿಗೆ ಕಾರಣನಾದ ಪ್ರಕರಣದಲ್ಲಿ, ರಾಜಸ್ಥಾನ ಸರ್ಕಾರವೂ ಇತರ ಯಜಮಾನರಂತೆಯೇ ಹೊಣೆಯೆಂದು 1962ರಲ್ಲಿ ಸುಪ್ರೀಂ ಕೋರ್ಟು ನಿರ್ಣಯಿಸಿತು. 1977ರಲ್ಲಿ ರಂಜಿತ್ ಜಿನ್ನಿಂಗ್ ಕಂಪನಿಯ ಕಾರನ್ನು ಅದರ ಮ್ಯಾನೇಜರನು ಕಂಪನಿಯ ಕಾರ್ಯಾರ್ಥವಾಗಿ ನಡೆಸುತ್ತಿದ್ದಾಗ ಜೊತೆಗಿದ್ದ ಪ್ರಯಾಣಿಕನು ಮೃತನಾದುದಕ್ಕೆ ಕಂಪನಿಯನ್ನು ಹೊಣೆಮಾಡುವಾಗ, ಕಾರು ರಸ್ತೆ ಬಿಟ್ಟು ಮರಕ್ಕೆ ಬಡಿದ ಘಟನೆಯೇ ಅಜಾಗರೂಕತೆಗೆ ಸಾಕ್ಷಿಯೆಂದು ಅದೇ ನ್ಯಾಯಾಲಯವು ಹೇಳಿತು. 1997ರಲ್ಲಿ ಇನ್ನೊಂದು ಹೆಜ್ಜೆ: ಖಾಸಗಿ ಬಸ್ಸನ್ನು ಬಾಡಿಗೆಗೆ ಪಡೆದು ತನ್ನ ಹತೋಟಿಯಲ್ಲಿ ಓಡಿಸುವ ಸಾರಿಗೆ ಸಂಸ್ಥೆಯೂ ಹೊಣೆಯಿಂದ ಜಾರಿಕೊಳ್ಳಲಾರದೆಂದಾಯಿತು.

ಶಾಸನವೂ ಹಿಂದೆ ಬೀಳಲಿಲ್ಲ. 1939ರ ಮೋಟಾರು ವಾಹನ ಕಾಯಿದೆಯ ಮೇರೆಗೆ ಥರ್ಡ್ ಪಾರ್ಟಿ ವಿಮೆಯು 1946ರಲ್ಲಿ ಕಡ್ಡಾಯವಾಯಿತು. 1956ರ ತಿದ್ದುಪಡಿಯಿಂದ ಪ್ರತ್ಯೇಕ ನ್ಯಾಯಾಧಿಕರಣಗಳಿಗೆ ಅವಕಾಶ ದೊರೆತು, ಸಿವಿಲ್ ದಾವೆಯ ದೀರ್ಘ ಕ್ಲೇಶವು ತಗ್ಗಿತು. ತಪ್ಪನ್ನು ರುಜುವಾತುಪಡಿಸದೆಯೇ ಪರಿಹಾರ ಪಡೆಯುವ ಮಾರ್ಗವು 1982ರಲ್ಲಿ ತೆರೆಯಿತು. ಆಗ ಮರಣಕ್ಕೆ 15,000 ರೂಪಾಯಿ, ಶಾಶ್ವತ ಅಂಗವೈಕಲ್ಯಕ್ಕೆ 7,500 ರೂಪಾಯಿ ನಿಗದಿಯಾಗಿತ್ತು; 2019ರ ತಿದ್ದುಪಡಿಯಲ್ಲಿ ಮರಣಕ್ಕೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿಯೆಂದು ಗೊತ್ತಾಯಿತು. ಚಾಲಕನ ಲೈಸೆನ್ಸು ಸರಿಯಿಲ್ಲದಿದ್ದಾಗಲೂ ವಿಮಾ ಕಂಪನಿಯು ಮೊದಲು ಗಾಯಾಳುವಿಗೆ ತೆತ್ತು, ಅನಂತರ ಮಾಲೀಕನಿಂದ ವಸೂಲು ಮಾಡಿಕೊಳ್ಳಬಹುದೆಂಬ ಪದ್ಧತಿಯನ್ನು ಸುಪ್ರೀಂ ಕೋರ್ಟು 2004ರಲ್ಲಿ ದೃಢಪಡಿಸಿತು.

ಪರಿಹಾರದ ಗಣನೆಯಲ್ಲಿ 2010ರ ತೀರ್ಪೊಂದು ವಿಶೇಷ ಗಮನಾರ್ಹವಾದುದು. ಎಡಗೈ ಕಳೆದುಕೊಂಡವನು ಬಡಗಿಯೋ ಚಾಲಕನೋ ಆಗಿದ್ದರೆ ಅವನ ದುಡಿಯುವ ಶಕ್ತಿಯೇ ಬಹುಮಟ್ಟಿಗೆ ಅಳಿದಂತೆ; ಸರ್ಕಾರಿ ಗುಮಾಸ್ತನಾಗಿದ್ದರೆ ಅವನ ನೌಕರಿಯು ಉಳಿದೀತು. ಆದುದರಿಂದ ವೈದ್ಯನು ಬರೆದುಕೊಟ್ಟ ಶೇಕಡಾವಾರು ಅಂಗವೈಕಲ್ಯವನ್ನು ಯಾಂತ್ರಿಕವಾಗಿ ಅನ್ವಯಿಸದೆ, ಆ ವ್ಯಕ್ತಿಯ ವೃತ್ತಿಗೆ ಒದಗಿದ ಹಾನಿಯನ್ನು ನ್ಯಾಯಾಧಿಕರಣವು ಅಳೆಯಬೇಕು.

ಕರ್ನಾಟಕದಲ್ಲಿ ಇಂತಹ ಪರಿಹಾರದ ಅರ್ಜಿಗಳು ಎಂ.ವಿ.ಸಿ. ಪ್ರಕರಣಗಳೆಂದು ಪ್ರಸಿದ್ಧ; ಬೆಂಗಳೂರಿನಲ್ಲಿ ಸ್ಮಾಲ್ ಕಾಸಸ್ ನ್ಯಾಯಾಲಯವು ಅವುಗಳನ್ನು ವಿಚಾರಿಸುತ್ತದೆ. ಅಪಘಾತವಾದ ಊರಿನಲ್ಲಿ ಮಾತ್ರವಲ್ಲ, ಗಾಯಾಳು ವಾಸಿಸುವ ಸ್ಥಳದಲ್ಲಿಯೂ ಅರ್ಜಿ ಹಾಕಬಹುದು. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮವು ಇದಕ್ಕೆ ಆರು ತಿಂಗಳ ಅವಧಿಯನ್ನು ವಿಧಿಸಿರುವುದರಿಂದ ವಿಳಂಬವು ಅಪಾಯಕರ. ಆದಕಾರಣ ಎಫ್.ಐ.ಆರ್. ಪ್ರತಿ, ಗಾಯದ ಪ್ರಮಾಣಪತ್ರ, ಆಸ್ಪತ್ರೆಯ ಬಿಲ್ಲುಗಳು, ವಾಹನದ ನಂಬರು, ಆರ್.ಸಿ.ಯಲ್ಲಿರುವ ಮಾಲೀಕನ ಹೆಸರು, ಇವಿಷ್ಟನ್ನೂ ಮೊದಲು ಸಂಗ್ರಹಿಸಿಟ್ಟುಕೊಳ್ಳಿರಿ. ಕಂಪನಿಯವರು ಮುಂದೊಡ್ಡುವ ರಾಜಿಪತ್ರಕ್ಕೆ ವಕೀಲರನ್ನು ವಿಚಾರಿಸದೆ ರುಜು ಹಾಕದಿರಿ.