ಬೇರೆ ನಾಯಿಗಳ ಅಳತೆ

2013ರ ಚಳಿಗಾಲವನ್ನು ನಾನೂ ನನ್ನ ಹೆಂಡತಿಯೂ ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್‌ನಲ್ಲಿ, ಮಗಳ ಮನೆಯಲ್ಲಿ ಕಳೆದೆವು. ಆ ಮನೆಯ ಅಡುಗೆಕಟ್ಟೆಯ ಮೇಲೆ ಎರಡು ಗುಳಿಗೆ ಡಬ್ಬಿಗಳು ಅಕ್ಕಪಕ್ಕ ಇರುತ್ತಿದ್ದವು. ಒಂದು ನನ್ನ ಹೆಂಡತಿಯದು, ಇನ್ನೊಂದು ನಾಯಿಯದು. ಔಷಧ ಎರಡರಲ್ಲೂ ಒಂದೇ, ಥೈರಾಕ್ಸಿನ್. ಅವಳಿಗೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ 75 ಮೈಕ್ರೋಗ್ರಾಂ. ನಾಯಿಗೆ ಬೆಳಿಗ್ಗೆ 600, ಸಂಜೆ 600. ಅಂದರೆ ಮೂವತ್ತು ಕಿಲೋ ತೂಗುವ ಪ್ರಾಣಿಗೆ ಅವಳಿಗಿಂತ ಹದಿನಾರು ಪಟ್ಟು ಔಷಧ! "ನನ್ನ ಬ್ಯಾನಿಗಿಂತ ಅದರ ಬ್ಯಾನೀನ ದೊಡ್ಡದು ನೋಡ್ರಿ" ಎಂದು ಅವಳು ನಗುತ್ತಿದ್ದಳು. ನಾಯಿಯ ಮೈ ಈ ಔಷಧವನ್ನು ಕಡಿಮೆ ಹೀರಿಕೊಂಡು ಬೇಗ ಖರ್ಚು ಮಾಡುವುದರಿಂದ ಅಷ್ಟು ಬೇಕಾಗುತ್ತದೆಂದು ಆಮೇಲೆ ತಿಳಿಯಿತು. ಆದರೆ ಆ ನಾಯಿಗೆ ಒಂದು ಮೈಕ್ರೋಗ್ರಾಂ ಕೂಡ ಬೇಕಿರಲಿಲ್ಲವೆಂದು ತಿಳಿಯಲು ಇನ್ನೂ ಕೆಲವು ತಿಂಗಳು ಹಿಡಿದವು.

ನಾಯಿಯ ಹೆಸರು ಮಿಂಚು. ಗ್ರೇಹೌಂಡ್ ತಳಿ. ಫ್ಲೋರಿಡಾದ ಪಂದ್ಯದ ಮೈದಾನದಲ್ಲಿ ನಾಲ್ಕು ವರ್ಷ ತುಂಬುವವರೆಗೆ ಓಡಿ, ನಿವೃತ್ತಿ ಹೊಂದಿ, 2011ರಲ್ಲಿ ಮಗಳ ಮನೆ ಸೇರಿತ್ತು. ಎರಡೂ ಕಿವಿಗಳ ಒಳಗೆ ಹಚ್ಚೆ ಹಾಕಿದ ಗುರುತುಗಳು. ಅದೇ ಅದರ ಸರ್ವಿಸ್ ಪುಸ್ತಕ. ಆ ದೇಶದಲ್ಲಿ ನನಗೆ ಮೊದಲು ಪರಿಚಿತವೆನಿಸಿದ ಮುಖ ಅದರದೇ ಎಂದರೆ ಓದುಗರು ನಗಬಾರದು. ನಾನು ಹುಟ್ಟಿ ಬೆಳೆದದ್ದು ಮುಧೋಳ ತಾಲೂಕಿನ ಒಂದು ಹಳ್ಳಿಯಲ್ಲಿ. ಉದ್ದ ಮೂತಿ, ಇಳಿಬಿದ್ದ ಎದೆಗೂಡು, ಬೆನ್ನಿಗೆ ಅಂಟಿದಂಥ ಹೊಟ್ಟೆ, ಕಟ್ಟಿಗೆಯಂಥ ಕಾಲು: ಮೊಲದ ಬೆನ್ನು ಹತ್ತಿದ ಇಂಥ ನಾಯಿಗಳನ್ನು ನೋಡುತ್ತಲೇ ನಾನು ದೊಡ್ಡವನಾದದ್ದು. ನಮ್ಮ ಮುಧೋಳ ನಾಯಿ 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು. ಗ್ರೇಹೌಂಡ್ ಅದರ ದೂರದ ನೆಂಟ. ಎರಡೂ ವಾಸನೆಗಿಂತ ಹೆಚ್ಚಾಗಿ ಕಣ್ಣನ್ನು ನಂಬಿ ಬೇಟೆಯಾಡುವ ಕುಲ.

ಮಿಂಚುವಿನ ದೂರುಗಳು ಹೀಗಿದ್ದವು. ದಿನದ ಬಹುಪಾಲು ಮಲಗಿರುವುದು. ತೊಡೆಯ ಹಿಂಭಾಗದಲ್ಲಿ ಕೂದಲಿಲ್ಲದೆ ಬೋಳಾಗಿರುವುದು. ಚಳಿ ತಡೆಯದಿರುವುದು. ವಾಕಿಂಗಿಗೆ ಹೊರಟರೆ ನಾಲ್ಕು ಮನೆ ದಾಟುವುದರೊಳಗೆ ನಿಂತುಬಿಡುವುದು. 2013ರ ಆರಂಭದಲ್ಲಿ ಮಗಳು ಅದನ್ನು ಹತ್ತಿರದ ಪಶುವೈದ್ಯರಿಗೆ ತೋರಿಸಿದಳು. ರಕ್ತ ತೆಗೆದರು. ಥೈರಾಕ್ಸಿನ್, ಅಂದರೆ ಟಿ-4, ಪಟ್ಟಿಯ ಕೆಳಗಿನ ಗಡಿಯ ಅರ್ಧದಷ್ಟೂ ಇರಲಿಲ್ಲ. ಮಂಕುತನ, ಕೂದಲುದುರುವುದು, ಚಳಿ, ಮೇಲೆ ಈ ಅಂಕಿ. ಇನ್ನೇನು ಬೇಕು? ಗುಳಿಗೆ ಶುರುವಾಯಿತು. "ಅಪ್ಪಾ, ಅವ್ವಗ ಇರೂದ ಇದಕ್ಕೂ ಐತಿ" ಎಂದು ಮಗಳು ಫೋನಿನಲ್ಲಿ ಹೇಳಿದಾಗ ನನಗೆ ಸಮಾಧಾನವೇ ಆಯಿತು. ಹೆಸರಿರುವ ರೋಗ, ಔಷಧವಿರುವ ರೋಗ.

ಈ ಸಮಾಧಾನಕ್ಕೆ ಕಾರಣವಿತ್ತು. ನನ್ನ ಹೆಂಡತಿ ಎರಡು ವರ್ಷ ಬಳಲಿದ್ದಳು. ಮೈ ಭಾರ, ಮುಖ ಊದಿಕೊಂಡಿದ್ದು, ಧ್ವನಿ ದಪ್ಪವಾದದ್ದು, ಜೂನ್ ತಿಂಗಳಲ್ಲಿ ಸ್ವೆಟರು. ವಯಸ್ಸು ಎಂದರು, ಚಿಂತೆ ಎಂದರು. ನಾನೂ ಸೋಮಾರಿತನ ಎಂದು ಒಮ್ಮೆ ಅಂದಿದ್ದೇನೆ. 1996ರಲ್ಲಿ ಹುಬ್ಬಳ್ಳಿಯ ಒಬ್ಬ ವೈದ್ಯರು ರಕ್ತ ಪರೀಕ್ಷೆ ಮಾಡಿಸಿ ಗುಳಿಗೆ ಕೊಟ್ಟ ಮೇಲೆ ಆರು ತಿಂಗಳಲ್ಲಿ ನನ್ನ ಹಳೆಯ ಹೆಂಡತಿ ನನಗೆ ವಾಪಸು ಸಿಕ್ಕಳು. ಅಂದಿನಿಂದ ಆ ಪರೀಕ್ಷೆಯ ಮೇಲೆ ನನಗೆ ದೇವರ ಮೇಲಿನಷ್ಟೇ ಭಕ್ತಿ. ಅದು ಒಬ್ಬಳನ್ನು ಉಳಿಸಿ ಇನ್ನೊಬ್ಬರ ವಿಷಯದಲ್ಲಿ ದಾರಿ ತಪ್ಪಿಸೀತು ಎಂದು ಯೋಚಿಸಿರಲೇ ಇಲ್ಲ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವನು ನಾನು. ಯಾವುದೇ ಶಾಸನ ಸಿಕ್ಕರೆ ಇದನ್ನು ಯಾರು, ಯಾವಾಗ, ಯಾರಿಗಾಗಿ ಬರೆಸಿದರು ಎಂದು ಮೊದಲು ಕೇಳಿಕೊಳ್ಳಿ ಎಂದು ಹುಡುಗರಿಗೆ ಹೇಳುತ್ತಿದ್ದೆ. ರಕ್ತ ಪರೀಕ್ಷೆಯ ಕಾಗದಕ್ಕೆ ಮಾತ್ರ ಆ ಪ್ರಶ್ನೆಯನ್ನು ಹಾಕಿರಲಿಲ್ಲ. ತಡವಾಗಿಯಾದರೂ ಹಾಕಿದಾಗ ಸಿಕ್ಕ ಉತ್ತರವನ್ನು ಇಲ್ಲಿ ಬರೆಯುತ್ತೇನೆ.

ಕುತ್ತಿಗೆಯ ಈ ಗ್ರಂಥಿ ಸೋತರೆ ಮನುಷ್ಯ ಹೇಗಾಗುತ್ತಾನೆಂದು ಲಂಡನ್ನಿನ ವಿಲಿಯಂ ಗಲ್ 1873ರಲ್ಲಿ ವಿವರಿಸಿದರು. 1891ರಲ್ಲಿ ನ್ಯೂಕ್ಯಾಸಲ್ಲಿನ ಜಾರ್ಜ್ ಮರ್ರೆ ಕುರಿಯ ಥೈರಾಯ್ಡ್ ಗ್ರಂಥಿಯ ರಸವನ್ನು ಅಂಥ ಒಬ್ಬ ಹೆಂಗಸಿಗೆ ಚುಚ್ಚಿದರು. ಆಕೆ ಮತ್ತೆ 28 ವರ್ಷ ಬದುಕಿದಳು. ಆ ರಸದಲ್ಲಿರುವ ಸತ್ವವನ್ನು ಎಡ್ವರ್ಡ್ ಕೆಂಡಾಲ್ ಹರಳಾಗಿ ಬೇರ್ಪಡಿಸಿದ್ದು 1914ರ ಕ್ರಿಸ್‌ಮಸ್ ದಿನ, ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ. ಅದೇ ಥೈರಾಕ್ಸಿನ್. ಇಲ್ಲಿಯವರೆಗಿನ ಕಥೆಯಲ್ಲಿ ವೈದ್ಯರು ರೋಗಿಯ ಮುಖ ನೋಡಿ ರೋಗ ಹೇಳುತ್ತಿದ್ದರು. ರಕ್ತದಲ್ಲಿ ಈ ವಸ್ತು ಇರುವುದು ಎಷ್ಟು ಅಲ್ಪವೆಂದರೆ, ನೇರವಾಗಿ ಅಳೆಯುವ ತಕ್ಕಡಿಯೇ ಇರಲಿಲ್ಲ.

ಆ ತಕ್ಕಡಿಯನ್ನು ಕೊಟ್ಟವರು ನ್ಯೂಯಾರ್ಕಿನ ರೊಸಾಲಿನ್ ಯಾಲೊ ಮತ್ತು ಸಾಲೊಮನ್ ಬರ್ಸನ್. 1950ರ ದಶಕದ ಕೊನೆಗೆ ಅವರು ವಿಕಿರಣ ಗುರುತನ್ನು ಬಳಸಿ ಇನ್ಸುಲಿನ್ ಅಳೆಯುವ ವಿಧಾನ ಕಂಡುಹಿಡಿದರು. 1977ರಲ್ಲಿ ಯಾಲೊಗೆ ನೊಬೆಲ್ ಬಂತು. ಬರ್ಸನ್ 1972ರಲ್ಲೇ ತೀರಿಕೊಂಡಿದ್ದರು. ಈ ವಿಧಾನ ಥೈರಾಕ್ಸಿನ್‌ಗೂ ಬಂದು, ಮನುಷ್ಯರಿಂದ ನಾಯಿಗಳಿಗೂ ಇಳಿಯಿತು. ಡೆಸಿಲೀಟರ್ ರಕ್ತಸಾರದಲ್ಲಿ ಒಂದು ಮೈಕ್ರೋಗ್ರಾಂ, ಎರಡು ಮೈಕ್ರೋಗ್ರಾಂ ಎಂದು ಅಂಕಿ ಹೇಳುವುದು ಸುಲಭವಾಯಿತು.

ಅಂಕಿ ಬಂದಮೇಲೆ, ಎಷ್ಟಿದ್ದರೆ ಸರಿ ಎಂಬ ಪ್ರಶ್ನೆ ಬರುತ್ತದೆ. ಇದಕ್ಕೆ ಪ್ರಯೋಗಾಲಯಗಳು ಮಾಡುವ ಉಪಾಯ ಸರಳ. ಆರೋಗ್ಯವಾಗಿರುವ ನೂರಾರು ಜನರ, ಇಲ್ಲವೆ ನಾಯಿಗಳ, ರಕ್ತ ಅಳೆಯುವುದು. ಮೇಲಿನ ಎರಡೂವರೆ ಶೇಕಡ, ಕೆಳಗಿನ ಎರಡೂವರೆ ಶೇಕಡ ಕತ್ತರಿಸುವುದು. ಉಳಿದದ್ದು ಸಹಜ. ಹೀಗೆ ಮಾಡಿದರೆ ಗಟ್ಟಿಮುಟ್ಟಾದ ಇಪ್ಪತ್ತು ಮಂದಿಯಲ್ಲಿ ಒಬ್ಬ ಗಡಿಯ ಹೊರಗೆ ಬಿದ್ದೇ ಬೀಳುತ್ತಾನೆ. ಫಿನ್‌ಲ್ಯಾಂಡಿನ ರಾಲ್ಫ್ ಗ್ರೆಸ್‌ಬೆಕ್ ಮತ್ತು ನಿಲ್ಸ್-ಎರಿಕ್ ಸಾರಿಸ್ 1969ರಲ್ಲಿ, 'ಸಹಜ ಮೌಲ್ಯ' ಎನ್ನುವುದನ್ನು ಬಿಟ್ಟು 'ಹೋಲಿಕೆಯ ಮೌಲ್ಯ' ಎನ್ನೋಣ ಎಂದು ಸೂಚಿಸಿದರು. ಈ ಅಂಕಿ ನಮಗೆ ಹೇಳುವುದು 'ಯಾರೊಂದಿಗೆ ಹೋಲಿಸಿದರೆ' ಎಂಬುದನ್ನಷ್ಟೇ. ಹೋಲಿಸಿಕೊಂಡ ಗುಂಪು ನಿಮ್ಮದಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ.

ನಾಯಿಗಳ ಪಟ್ಟಿ ತಯಾರಾದದ್ದು ಎಲ್ಲ ತಳಿಗಳನ್ನೂ ಬೆರೆಸಿ. ಗ್ರೇಹೌಂಡ್ ಆ ಗುಂಪಿಗೆ ಹೊಂದುವ ಪ್ರಾಣಿಯಲ್ಲ. ಅದರ ವಂಶಾವಳಿಯ ಪುಸ್ತಕ ಇಂಗ್ಲೆಂಡಿನಲ್ಲಿ 1882ರಿಂದ ಇದೆ. ಯಂತ್ರದ ಮೊಲದ ಹಿಂದೆ ನಾಯಿ ಓಡಿಸುವ ಪಂದ್ಯ ಮೊದಲು ಅಮೆರಿಕದಲ್ಲಿ ಹುಟ್ಟಿ, 1926ರ ಜುಲೈ 24ರಂದು ಮ್ಯಾಂಚೆಸ್ಟರಿನ ಬೆಲ್ ವ್ಯೂ ಮೈದಾನಕ್ಕೆ ಬಂತು. ತಲೆಮಾರಿನಿಂದ ತಲೆಮಾರಿಗೆ ವೇಗ ಒಂದನ್ನೇ ನೋಡಿ ಆರಿಸಿ ಕೂಡಿಸಿದ ಮೈ ಅದು. ಹೃದಯ ದೊಡ್ಡದು. ರಕ್ತದಲ್ಲಿ ಕೆಂಪು ಕಣಗಳು ಹೆಚ್ಚು. ಅದಕ್ಕೇ ಅವು ಬೇರೆ ನಾಯಿಗಳಿಗೆ ಒಳ್ಳೆಯ ರಕ್ತದಾನಿಗಳು. ಬಿಳಿ ಕಣ, ಪ್ಲೇಟ್‌ಲೆಟ್ ಕಡಿಮೆ. ಸ್ನಾಯು ಹೆಚ್ಚಿರುವುದರಿಂದ ಕ್ರಿಯಾಟಿನಿನ್ ಹೆಚ್ಚು. ಹಳೆಯ ಅರಿವಳಿಕೆ ಮದ್ದಾದ ಥಯೊಪೆಂಟಾಲ್ ಕೊಟ್ಟರೆ ಏಳುವುದಕ್ಕೆ ಬಹಳ ಹೊತ್ತು. ಸಾಮಾನ್ಯ ಪಟ್ಟಿಗೆ ಹಿಡಿದು ನೋಡಿದರೆ ಆರೋಗ್ಯವಂತ ಗ್ರೇಹೌಂಡ್ ಕೂಡ ಕಾಗದದ ಮೇಲೆ ನಾಲ್ಕು ರೋಗದ ರೋಗಿ.

ಹಾಗಾದರೆ ಇದು ಮೊದಲೇ ಏಕೆ ಗೊತ್ತಾಗಲಿಲ್ಲ? ಇಲ್ಲಿಯೇ ಇತಿಹಾಸದ ಒಂದು ತಿರುವು ಇದೆ. ಪಂದ್ಯದ ನಾಯಿ ಮನೆಯ ನಾಯಿಯಾಗಿರಲಿಲ್ಲ. ಓಟ ಮುಗಿದ ಎಷ್ಟೋ ನಾಯಿಗಳು ಮುದಿತನವನ್ನೇ ಕಾಣುತ್ತಿರಲಿಲ್ಲ. 1980ರ ದಶಕದಿಂದ ಅಮೆರಿಕದಲ್ಲಿ ಅವುಗಳನ್ನು ಮನೆಗೆ ತಂದು ಸಾಕುವ ಚಳವಳಿ ಬೆಳೆಯಿತು. ಸಾವಿರಾರು ಗ್ರೇಹೌಂಡ್‌ಗಳು ಸೋಫಾದ ಮೇಲೆ ಮಲಗಿದವು, ವರ್ಷಕ್ಕೊಮ್ಮೆ ರಕ್ತ ಪರೀಕ್ಷೆಗೆ ಹೋದವು. ಬೋಳು ತೊಡೆ, ಅತಿ ನಿದ್ರೆ, ಹೊಸ ಮನೆಯ ಅಂಜಿಕೆ, ತಗ್ಗಿದ ಟಿ-4. ಹೀಗೆ ಅವುಗಳನ್ನು ಪ್ರೀತಿಯಿಂದ ಮನೆಗೆ ತಂದ ಮೇಲೆಯೇ ಈ ತಪ್ಪು ರೋಗನಿರ್ಣಯ ಹರಡಿತು ಎನ್ನಬೇಕು.

2001ರಲ್ಲಿ ಅಮೆರಿಕದ ಗಾನ್ ಮತ್ತು ಬ್ರೂಯೆಟ್ ಎಂಬ ಇಬ್ಬರು ಪಶುವೈದ್ಯರು, ಆರೋಗ್ಯವಂತ ಗ್ರೇಹೌಂಡ್‌ಗಳಲ್ಲಿ ಟಿ-4 ಮಾತ್ರವಲ್ಲ, ರಕ್ತದಲ್ಲಿ ಬಿಡಿಯಾಗಿ ತಿರುಗುವ ಫ್ರೀ ಟಿ-4 ಕೂಡ ಬೇರೆ ನಾಯಿಗಳಿಗಿಂತ ಕಡಿಮೆ ಎಂದು ಪ್ರಕಟಿಸಿದರು. ಡಬ್ಲಿನ್ನಿನ ರಾಬರ್ಟ್ ಶೀಲ್, ಕಾರ್ಮೆಲ್ ಮೂನಿ ಮತ್ತು ಜೊತೆಗಾರರು ಇದನ್ನು ಮುಂದುವರಿಸಿದರು. ಗ್ರಂಥಿ ಸೋತಿದೆಯೆಂದು ಅನುಮಾನ ಪಟ್ಟ ಗ್ರೇಹೌಂಡ್‌ಗಳ ಗ್ರಂಥಿಗಳ ಚಿತ್ರ ತೆಗೆದಾಗ ಅವು ಸರಿಯಾಗಿಯೇ ಕೆಲಸ ಮಾಡುತ್ತಿದ್ದವು. 2010ರಲ್ಲಿ ಸಲೂಕಿ ಎಂಬ ಪ್ರಾಚೀನ ಬೇಟೆನಾಯಿಯಲ್ಲೂ ಇದೇ ಗುಣವಿದೆಯೆಂದೂ, ಇಂಥ ತಳಿಗಳಿಗೆ ವೈದ್ಯರು ಬರಿಯ ಹಾರ್ಮೋನಿನ ಅಂಕಿ ನಂಬಿ ರೋಗ ಹಚ್ಚುತ್ತಿದ್ದಾರೆಂದೂ ಅವರು ತೋರಿಸಿದರು. ಕೊಲಂಬಸ್‌ನಲ್ಲಿಯೇ, ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ, ಗಿಯೆರ್ಮೊ ಕೌಟೊ ಗ್ರೇಹೌಂಡ್‌ಗಳಿಗಾಗಿಯೇ ಒಂದು ಆರೋಗ್ಯ ಕಾರ್ಯಕ್ರಮ ಕಟ್ಟಿ, ಈ ತಳಿಯ ರಕ್ತಕ್ಕೆ ಅದರದೇ ಅಳತೆ ಬೇಕೆಂದು ಹೇಳುತ್ತ ಬಂದಿದ್ದರು. ಇಷ್ಟೆಲ್ಲ ಅಚ್ಚಾಗಿತ್ತು. ಮಗಳ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆಯ ದಾರಿಯಲ್ಲಿ ಇದೆಲ್ಲ ತಿಳಿದವರಿದ್ದರು. ಆದರೂ ಮಿಂಚು ಹದಿನಾಲ್ಕು ತಿಂಗಳು ಗುಳಿಗೆ ನುಂಗಿತು.

ಇನ್ನು ನನ್ನ ತಪ್ಪು. ನಾವು ಹೋದದ್ದು ನವೆಂಬರಿನಲ್ಲಿ. ಹಿಮ ಇನ್ನೂ ಬಿದ್ದಿರಲಿಲ್ಲ. ಮಧ್ಯಾಹ್ನ ಮಿಂಚುವನ್ನು ಹೊರಗೆ ಒಯ್ಯುವುದು ನನ್ನ ಕೆಲಸವಾಗಿತ್ತು. ಸಿಮೆಂಟಿನ ಕಾಲುದಾರಿಯ ಮೇಲೆ ಅದು ಬಲ ಮುಂಗಾಲನ್ನು ಊರಲೋ ಬೇಡವೋ ಎಂದು ಇಡುತ್ತಿತ್ತು. ಹುಲ್ಲಿಗೆ ಇಳಿದರೆ ಚೆನ್ನಾಗಿ ನಡೆಯುತ್ತಿತ್ತು. ಇದನ್ನು ನಾನು ಮೊದಲ ವಾರವೇ ಕಂಡಿದ್ದೆ. ನಮ್ಮೂರಲ್ಲಿ ಬೇಟೆಗೆ ಹೋಗುವವರು ನಾಯಿ ಕುಂಟಿದರೆ ಮೊದಲು ಅದರ ಅಂಗಾಲು ಮಗುಚಿ ಮುಳ್ಳು ಹುಡುಕುತ್ತಿದ್ದರು; ಅದನ್ನೂ ಕಂಡಿದ್ದೆ. ಆದರೂ ನಾನು ಬಗ್ಗಲಿಲ್ಲ, ಮಗಳಿಗೂ ಹೇಳಲಿಲ್ಲ. ಏಕೆಂದರೆ ಕಾರಣ ಆಗಲೇ ಕಾಗದದಲ್ಲಿ ಬರೆದಿತ್ತಲ್ಲ! ಥೈರಾಯ್ಡ್ ಕಡಿಮೆಯಾದವರಿಗೆ ನಡೆಯಲು ಮನಸ್ಸಾಗುವುದಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಫೆಬ್ರುವರಿಯ ಹೊತ್ತಿಗೆ ಮಿಂಚು ಹೊಸ ತೊಂದರೆಗಳಿಗೆ ಶುರುಮಾಡಿತು. ರಾತ್ರಿ ಏದುಸಿರು, ನೀರಿಗಾಗಿ ಪದೇ ಪದೇ ಏಳುವುದು, ಪಕ್ಕೆಲುಬು ಎಣಿಸುವಷ್ಟು ಸೊರಗುವುದು. ಮಾರ್ಚಿನಲ್ಲಿ ಮಗಳು ಗ್ರೇಹೌಂಡ್‌ಗಳನ್ನು ಬಲ್ಲ ಇನ್ನೊಬ್ಬ ವೈದ್ಯೆಯ ಹತ್ತಿರ ಹೋದಳು. ನಾನೂ ಹೋದೆ. ಆಕೆ ಫೈಲನ್ನು ಮೇಜಿನ ಮೇಲಿಟ್ಟು ನೆಲದ ಮೇಲೆ ಕುಳಿತು, ನಾಲ್ಕೂ ಅಂಗಾಲುಗಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಒತ್ತಿದರು. ಬಲ ಮುಂಗಾಲಿಗೆ ಬಂದಾಗ ಮಿಂಚು ಕಾಲು ಕಿತ್ತುಕೊಂಡಿತು. ಮೆತ್ತೆಯ ನಡುವೆ ಹೆಸರುಕಾಳಿನಷ್ಟು ಗಟ್ಟಿಯಾದ ಗುಂಡು. ಆಣಿ! ಬರಿಗಾಲಲ್ಲಿ ನಡೆದ ನಮ್ಮ ರೈತರ ಕಾಲಿನಲ್ಲಿ ಕಾಣುವಂಥದೇ ಆಣಿ. ಗ್ರೇಹೌಂಡ್‌ಗಳಿಗೆ ಇದು ಹೆಚ್ಚಾಗಿ ಬರುವ ಪೀಡೆಯಂತೆ. ಗಟ್ಟಿ ನೆಲದ ಮೇಲೆ ಪ್ರತಿ ಹೆಜ್ಜೆಗೂ ಮುಳ್ಳಿನಂತೆ ಚುಚ್ಚುತ್ತದೆ, ಹುಲ್ಲಿನ ಮೇಲೆ ಅಷ್ಟು ನೋಯುವುದಿಲ್ಲ. ಬೋಳು ತೊಡೆ ಈ ತಳಿಯಲ್ಲಿ ಸಾಮಾನ್ಯ, ಹಗಲೆಲ್ಲ ಮಲಗುವುದು ಸ್ವಭಾವ, ಮೈಯಲ್ಲಿ ಕೊಬ್ಬಿಲ್ಲದ್ದಕ್ಕೆ ಚಳಿ ಎಂದು ಆಕೆ ವಿವರಿಸಿದರು. ಗ್ರಂಥಿ ನಿಜವಾಗಿ ಸೋತ ಗ್ರೇಹೌಂಡ್‌ಗಳೂ ಅಪರೂಪಕ್ಕೆ ಇರುತ್ತವೆ. ಅವು ದಪ್ಪವಾಗುತ್ತವೆ, ಕೊಲೆಸ್ಟರಾಲ್ ಏರುತ್ತದೆ, ಗ್ರಂಥಿಯನ್ನು ಎಬ್ಬಿಸಲು ಮಿದುಳಿನ ಬುಡದಿಂದ ಬರುವ ಟಿಎಸ್‌ಎಚ್ ಹಾರ್ಮೋನು ಸಾಮಾನ್ಯವಾಗಿ ಹೆಚ್ಚುತ್ತದೆ. ಮೊದಲ ವರದಿಯನ್ನೇ ತೆಗೆದು ತೋರಿಸಿದರು: ಕೊಲೆಸ್ಟರಾಲ್ ಸರಿಯಾಗಿತ್ತು. ಟಿಎಸ್‌ಎಚ್ ನೋಡಿಯೇ ಇರಲಿಲ್ಲ.

ಯಂತ್ರ ತಪ್ಪು ಹೇಳಿರಲಿಲ್ಲ. ಮಿಂಚುವಿನ ಟಿ-4 ನಿಜವಾಗಿಯೂ ಅಷ್ಟೇ ಇತ್ತು, ಅಷ್ಟೇ ಇರಬೇಕಿತ್ತು. ಅಳತೆಪಟ್ಟಿ ಮಾತ್ರ ಬೇರೆ ನಾಯಿಗಳದು.

ಆಣಿಯನ್ನು ಕೆತ್ತಿ ತೆಗೆದರು. ಅದು ಮತ್ತೆ ಬರುವಂಥದಾದ್ದರಿಂದ ಎರಡು ತಿಂಗಳಿಗೊಮ್ಮೆ ಕೆತ್ತಿಸಬೇಕಾಗುತ್ತಿತ್ತು; ರಸ್ತೆಗೆ ಹೊರಟರೆ ಒಂದು ಮೆತ್ತನೆಯ ಬೂಟು. ಗುಳಿಗೆಯನ್ನು ವೈದ್ಯೆ ಹೇಳಿದಂತೆ ನಿಲ್ಲಿಸಿ, ಮೈ ತನ್ನ ಸ್ಥಿತಿಗೆ ಬರಲೆಂದು ಕೆಲವು ವಾರ ಬಿಟ್ಟು ಮತ್ತೆ ರಕ್ತ ನೋಡಿದರು. ಅಷ್ಟರಲ್ಲಿ ನಾವು ಊರಿಗೆ ಮರಳಿದ್ದೆವು. ಟಿ-4 ಮೊದಲಿನಷ್ಟೇ ಕಡಿಮೆ, ಟಿಎಸ್‌ಎಚ್ ಸರಿ, ನಾಯಿ ಎರಡು ಮೈಲಿ ನಡೆಯುತ್ತಿದೆ ಎಂದು ಮಗಳು ಫೋನಿನಲ್ಲಿ ಹೇಳಿದಳು. ನನ್ನ ಹೆಂಡತಿ ಅಂದು ಬೆಳಿಗ್ಗೆ ತನ್ನ ಗುಳಿಗೆಯನ್ನು ಎಂದಿನಂತೆ ನುಂಗಿದ್ದಳು, ಈಗಲೂ ನುಂಗುತ್ತಾಳೆ. ಅವಳಿಗೆ ಅದು ಬೇಕು.

ಫ್ಲೋರಿಡಾದ ಜನ 2018ರಲ್ಲಿ ಮತ ಹಾಕಿ ನಾಯಿ ಪಂದ್ಯವನ್ನು ನಿಷೇಧಿಸಿದರು; 2020ರ ಕೊನೆಗೆ ಅಲ್ಲಿಯ ಮೈದಾನಗಳು ಮುಚ್ಚಿದವು. ಅದನ್ನು ನೋಡಲು ಮಿಂಚು ಇರಲಿಲ್ಲ. 2019ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ ತೀರಿಕೊಂಡಿತು. ಹನ್ನೆರಡು ವರ್ಷದ ಆಯುಷ್ಯದಲ್ಲಿ ಹದಿನಾಲ್ಕು ತಿಂಗಳು ಸಣ್ಣ ಲೆಕ್ಕವಲ್ಲ. ಅದು ಹೋದ ಮೇಲೆ ಮಗಳು ಮತ್ತೊಂದು ಗ್ರೇಹೌಂಡ್ ತಂದಿದ್ದಾಳೆ. ಅದರ ಆಸ್ಪತ್ರೆಯ ಫೈಲಿನ ಮೇಲೆ ಅವಳು ದಪ್ಪ ಅಕ್ಷರದಲ್ಲಿ ಎರಡು ಸಾಲು ಬರೆದಂಟಿಸಿದ್ದಾಳೆ: ಈ ತಳಿಗೆ ಟಿ-4 ಕಡಿಮೆ ಇರುವುದು ಸಹಜ. ದಯವಿಟ್ಟು ಮೊದಲು ಕಾಲು ನೋಡಿ.